ಪುನಶ್ಚೇತನ ಶುಶ್ರೂಷಕರ ಕೆಲಸದ ಒತ್ತಡ, ವೃತ್ತಿಪರ ಅಸ್ಮಿತೆ ಮತ್ತು ತೃಪ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಲಕ್ವ, ಬೆನ್ನುಹುರಿಯ ಪೆಟ್ಟು, ತಲೆಪೆಟ್ಟು, ಕೈಕಾಲು ಕತ್ತರಿಸಿದ ಶಸ್ತ್ರಚಿಕಿತ್ಸೆ ಇವುಗಳಿಂದ ಚೇತರಿಸಿಕೊಳ್ಳುತ್ತಿರುವವರನ್ನು ದಾವಣಗೆರೆ ಮತ್ತು ಚಿತ್ರದುರ್ಗದ ಆಸ್ಪತ್ರೆಗಳಲ್ಲಿ ನೋಡಿಕೊಳ್ಳುವ ಶುಶ್ರೂಷಕರು, ಅವರ ವಾರ್ಡ್ ಇನ್‌ಚಾರ್ಜ್‌ಗಳು ಮತ್ತು ನರ್ಸಿಂಗ್ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಳ್ಳಲಾಗಿದೆ. ಕೆಲವು ಉತ್ತರಗಳಲ್ಲಿ ಬರೆದವರ ಅಭಿಪ್ರಾಯವೂ ಸೇರಿದೆ. ಅಂಥಲ್ಲಿ ಅದನ್ನು ಅಭಿಪ್ರಾಯವೆಂದೇ ಹೇಳಲಾಗಿದೆ.

ಪುನಶ್ಚೇತನ ಶುಶ್ರೂಷಕರು ಎಂದರೆ ಯಾರು? ನಮ್ಮ ಜಿಲ್ಲೆಗಳಲ್ಲಿ ಅಂಥ ಹುದ್ದೆಯೇ ಇಲ್ಲವಲ್ಲ?

ಹುದ್ದೆಯ ಹೆಸರು ಕಾಣಿಸದಿರಬಹುದು, ಕೆಲಸವಂತೂ ಇದೆ. ಕಾಯಿಲೆ ಅಥವಾ ಅಪಘಾತದ ಅಪಾಯದ ಘಟ್ಟ ದಾಟಿದ ಮೇಲೂ ನಡೆಯಲು, ನುಂಗಲು, ಮಾತನಾಡಲು, ಮೂತ್ರ ಮಲ ನಿಯಂತ್ರಿಸಲು ಆಗದೆ ಉಳಿದವರನ್ನು ಆದಷ್ಟು ಸ್ವಾವಲಂಬಿಗಳನ್ನಾಗಿ ಮಾಡಿ ಮನೆಗೆ ಕಳುಹಿಸುವುದೇ ಈ ಶುಶ್ರೂಷೆಯ ಗುರಿ. ರಾಷ್ಟ್ರೀಯ ಹೆದ್ದಾರಿ 48 ಹಿರಿಯೂರಿನಿಂದ ಹರಿಹರದವರೆಗೆ ಎರಡೂ ಜಿಲ್ಲೆಗಳ ನಡುವೆ ಹಾದುಹೋಗುತ್ತದೆ, ಅಲ್ಲಿನ ಅಪಘಾತಗಳಲ್ಲಿ ಪೆಟ್ಟಾದವರು ಈ ಆಸ್ಪತ್ರೆಗಳಿಗೆ ಬರುತ್ತಾರೆ. ಚನ್ನಗಿರಿ, ಹೊಳಲ್ಕೆರೆ ಕಡೆ ಅಡಿಕೆ ಕೊಯ್ಲಿಗೆ ಮರ ಹತ್ತಿದವರು ಬಿದ್ದು ಬೆನ್ನು ಮುರಿದುಕೊಳ್ಳುತ್ತಾರೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನಡುವೆ ಬಿಟ್ಟವರು ಲಕ್ವ ಹೊಡೆದು ಬರುತ್ತಾರೆ. ಪ್ರತ್ಯೇಕ ಪುನಶ್ಚೇತನ ವಾರ್ಡ್ ಇಲ್ಲದ ಕಡೆ ಇವರೆಲ್ಲ ಮೂಳೆ, ನರರೋಗ ಅಥವಾ ಜನರಲ್ ಮೆಡಿಸಿನ್ ವಾರ್ಡಿನಲ್ಲಿ ಇತರ ರೋಗಿಗಳ ನಡುವೆ ಮಲಗಿರುತ್ತಾರೆ. ಅವರನ್ನು ನೋಡಿಕೊಳ್ಳುವ ಸಿಸ್ಟರ್‌ಗಳು, ಬ್ರದರ್‌ಗಳೇ ನಮ್ಮ ಪುನಶ್ಚೇತನ ಶುಶ್ರೂಷಕರು. ತಮ್ಮನ್ನು ಹಾಗೆ ಕರೆದುಕೊಳ್ಳುವ ಅಭ್ಯಾಸ ಅವರಲ್ಲಿ ಹೆಚ್ಚಿನವರಿಗೆ ಇಲ್ಲ, ಅಷ್ಟೇ.

ಫಿಸಿಯೋಥೆರಪಿಸ್ಟ್ ಇರುವಾಗ ನರ್ಸ್ ಮಾಡುವ ಪುನಶ್ಚೇತನ ಯಾವುದು?

ಫಿಸಿಯೋಥೆರಪಿಸ್ಟ್ ರೋಗಿಯ ಬಳಿ ಇರುವುದು ದಿನಕ್ಕೆ ಸ್ವಲ್ಪ ಹೊತ್ತು. ಉಳಿದ ಹೊತ್ತೆಲ್ಲ, ರಾತ್ರಿಯೂ ಸೇರಿ, ರೋಗಿ ಇರುವುದು ಶುಶ್ರೂಷಕರ ಕಣ್ಣಳತೆಯಲ್ಲಿ. ವ್ಯಾಯಾಮದ ಕೋಣೆಯಲ್ಲಿ ಕಲಿತದ್ದು ಊಟದ ತಟ್ಟೆಯ ಮುಂದೆ, ಶೌಚಾಲಯದ ಬಾಗಿಲಲ್ಲಿ, ಮಂಚದಿಂದ ಗಾಲಿಕುರ್ಚಿಗೆ ಇಳಿಯುವಾಗ ಬಳಕೆಗೆ ಬರುತ್ತದೋ ಇಲ್ಲವೋ ಎಂಬುದು ಅವರ ಕೈಯಲ್ಲಿದೆ.

ಇದು ಹೊಸ ವಿಚಾರವೇನೂ ಅಲ್ಲ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ವೈದ್ಯ ಲುಡ್ವಿಗ್ ಗುಟ್‌ಮನ್ ಬೆನ್ನುಹುರಿ ಘಟಕ ಆರಂಭಿಸುವವರೆಗೆ, ಬೆನ್ನುಹುರಿಗೆ ಪೆಟ್ಟಾದ ಸೈನಿಕರಲ್ಲಿ ಬಹಳ ಮಂದಿ ಸಾಯುತ್ತಿದ್ದುದು ಬೆಡ್‌ಸೋರ್ (ಒಂದೇ ಮಗ್ಗುಲಲ್ಲಿ ಮಲಗಿ ಆಗುವ ಹುಣ್ಣು) ಮತ್ತು ಮೂತ್ರನಾಳದ ಸೋಂಕಿನಿಂದ. ಹಗಲು ರಾತ್ರಿ ಎನ್ನದೆ 2 ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಅಲ್ಲಿನ ಕಟ್ಟುನಿಟ್ಟಿನ ನಿಯಮವಾಯಿತು, ಅದನ್ನು ನಡೆಸಿದವರು ವಾರ್ಡಿನ ಶುಶ್ರೂಷಾ ಸಿಬ್ಬಂದಿ. 1972ರಲ್ಲಿ ಅಮೆರಿಕದ ಮೂತ್ರರೋಗ ತಜ್ಞ ಜ್ಯಾಕ್ ಲ್ಯಾಪಿಡೆಸ್ ಮತ್ತು ಸಂಗಡಿಗರು ಪ್ರಕಟಿಸಿದ ಪದ್ಧತಿಯಂತೆ, ಕೆಲವು ಗಂಟೆಗೊಮ್ಮೆ ಶುಚಿಯಾದ ಕ್ಯಾತಿಟರ್ (ಮೂತ್ರ ಹೊರತೆಗೆಯುವ ಕೊಳವೆ) ಹಾಕಿ ಮೂತ್ರಕೋಶ ಖಾಲಿ ಮಾಡಿಕೊಳ್ಳುವುದನ್ನು ರೋಗಿಗೂ ಮನೆಯವರಿಗೂ ಕೈಹಿಡಿದು ಕಲಿಸುವವರೂ ಶುಶ್ರೂಷಕರೇ.

ಇನ್ನೊಂದು ಉದಾಹರಣೆ. ಎದೆಭಾಗದ 6ನೆಯ ಕಶೇರುಕದ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಬೆನ್ನುಹುರಿ ಪೆಟ್ಟಾದ ರೋಗಿ ಇದ್ದಕ್ಕಿದ್ದಂತೆ ತಲೆ ಸಿಡಿಯುತ್ತಿದೆ ಎನ್ನುತ್ತಾನೆ, ಮುಖ ಕೆಂಪಾಗಿ ಬೆವರುತ್ತದೆ, ರಕ್ತದೊತ್ತಡ ಏರುತ್ತದೆ. ಇದು ಆಟೋನಾಮಿಕ್ ಡಿಸ್‌ರಿಫ್ಲೆಕ್ಸಿಯಾ (ಪೆಟ್ಟಾದ ಮಟ್ಟದ ಕೆಳಗಿನ ಯಾವುದೋ ಕಿರಿಕಿರಿಯಿಂದ ರಕ್ತದೊತ್ತಡ ಹಠಾತ್ತನೆ ಏರುವ ಸ್ಥಿತಿ) ಇರಬಹುದೆಂದು ಬಲ್ಲ ಶುಶ್ರೂಷಕರು ವೈದ್ಯರನ್ನು ಕರೆಯುತ್ತಲೇ ರೋಗಿಯನ್ನು ಎತ್ತಿ ಕೂರಿಸುತ್ತಾರೆ, ಬಿಗಿಯಾದ ಬಟ್ಟೆ ಸಡಿಲಿಸುತ್ತಾರೆ, ಕ್ಯಾತಿಟರ್ ಕೊಳವೆ ಎಲ್ಲಿ ಮಡಚಿದೆ ಎಂದು ನೋಡುತ್ತಾರೆ. ಎಷ್ಟೋ ಸಲ ಕಾರಣ ಅಲ್ಲೇ ಇರುತ್ತದೆ. ಗೊತ್ತಿಲ್ಲದವರು ತಲೆನೋವಿನ ಮಾತ್ರೆ ಕೊಟ್ಟು ಮಲಗಿಸಿದರೆ ಮಿದುಳಿನಲ್ಲಿ ರಕ್ತಸ್ರಾವ ಆಗುವ ಅಪಾಯವಿದೆ.

ಐಸಿಯು, ಕ್ಯಾಜುಯಲ್ಟಿಗೆ ಹೋಲಿಸಿದರೆ ಇಲ್ಲಿ ಒತ್ತಡ ಕಡಿಮೆಯಲ್ಲವೇ?

ಹೊರಗಿನಿಂದ ನೋಡಿದವರಿಗೆ ಹಾಗೆ ಕಾಣುತ್ತದೆ. ಇಲ್ಲಿ ಓಡಾಟದ ಗದ್ದಲ ಕಡಿಮೆ ಇರಬಹುದು, ಆದರೆ ಒತ್ತಡದ ಬಗೆಯೇ ಬೇರೆ. ಕೆಲಸದ ಬೇಡಿಕೆ ಹೆಚ್ಚಿದ್ದು ಅದನ್ನು ಹೇಗೆ ಮಾಡಬೇಕೆಂಬ ಸ್ವಾತಂತ್ರ್ಯ ಕಡಿಮೆಯಿದ್ದಾಗ ಒತ್ತಡ ಅತಿ ಹೆಚ್ಚು ಎಂದು ಕೆಲಸದ ಒತ್ತಡದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲಿ ವಾದಿಸಿದರು. ಪಟ್ಟ ಶ್ರಮಕ್ಕೆ ತಕ್ಕ ವೇತನ, ಮನ್ನಣೆ, ಭದ್ರತೆ ಸಿಗದಿರುವುದೇ ಆರೋಗ್ಯ ಕೆಡಿಸುತ್ತದೆ ಎಂಬುದು 1996ರಲ್ಲಿ ಯೋಹಾನೆಸ್ ಸೀಗ್ರಿಸ್ಟ್ ಮುಂದಿಟ್ಟ ಮಾದರಿ. ಪುನಶ್ಚೇತನ ಶುಶ್ರೂಷಕರಿಗೆ ಎರಡೂ ಅನ್ವಯಿಸುತ್ತವೆ.

ಮಿಶ್ರ ವಾರ್ಡನ್ನೇ ತೆಗೆದುಕೊಳ್ಳಿ. ಅದೇ ದಿನ ಆಪರೇಷನ್ ಆದವರು, ಹೊಸದಾಗಿ ದಾಖಲಾದವರು, ಡ್ರಿಪ್ ನಡೆಯುತ್ತಿರುವವರು ಮೊದಲು. ಮಗ್ಗುಲು ಬದಲಿಸಬೇಕಾದವರ ಸರದಿ ಕೊನೆಗೆ. ಹೊತ್ತು ಮೀರುತ್ತಿದೆ, ಚರ್ಮ ಕೆಂಪಾಗುತ್ತಿದೆ ಎಂದು ಗೊತ್ತಿದ್ದೂ ಕೈ ಬಿಡುವಿಲ್ಲದೆ ಸುಮ್ಮನಿರಬೇಕಾಗುತ್ತದೆ. ಸರಿಯಾದದ್ದು ಯಾವುದೆಂದು ಗೊತ್ತಿದ್ದರೂ ವ್ಯವಸ್ಥೆಯ ಅಡ್ಡಿಗಳಿಂದ ಅದನ್ನು ಮಾಡಲಾಗದ ಈ ಸಂಕಟವನ್ನು 1984ರಲ್ಲಿ ಆಂಡ್ರ್ಯೂ ಜೇಮ್ಟನ್ ನೈತಿಕ ಯಾತನೆ ಎಂದು ಗುರುತಿಸಿದರು. ದಣಿವಾದರೆ ನಿದ್ದೆಯಿಂದ ಹೋಗುತ್ತದೆ, ಇದು ಹೋಗುವುದಿಲ್ಲ.

ಇದರ ಜೊತೆಗೆ ಚೇತರಿಕೆ ನಿಧಾನ. ಕೆಲವು ವಾರ ಚೆನ್ನಾಗಿ ಸುಧಾರಿಸಿದ ರೋಗಿ ಒಂದು ಹಂತದಲ್ಲಿ ನಿಂತುಬಿಡುತ್ತಾನೆ. ನಿನ್ನೆಯವರೆಗೆ ಟ್ರ್ಯಾಕ್ಟರ್ ಓಡಿಸುತ್ತಿದ್ದ ಇಪ್ಪತ್ತೈದರ ಹುಡುಗ "ನಾನು ಯಾವಾಗ ನಡೀತೀನಿ ಸಿಸ್ಟರ್?" ಎಂದು ದಿನಾ ಕೇಳಿದರೆ, ಅದೇ ವಯಸ್ಸಿನ ಶುಶ್ರೂಷಕಿಗೆ ದಿನಾ ಹೊಸ ಉತ್ತರ ಹುಡುಕುವುದು ಸುಲಭವಲ್ಲ.

ಸಾಮಾನ್ಯ ಒತ್ತಡಕ್ಕೂ ಬರ್ನ್‌ಔಟ್‌ಗೂ ಏನು ವ್ಯತ್ಯಾಸ?

ರಜೆ ಸಿಕ್ಕರೆ, ಪಾಳಿ ಬದಲಾದರೆ ಇಳಿಯುವುದು ಒತ್ತಡ. ತಿಂಗಳುಗಟ್ಟಲೆ ಇಳಿಯದೆ ಉಳಿದು ಮನುಷ್ಯನ ಸ್ವಭಾವವನ್ನೇ ಬದಲಿಸುವುದು ಬರ್ನ್‌ಔಟ್. ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜ್ಯಾಕ್ಸನ್ 1981ರಲ್ಲಿ ರೂಪಿಸಿದ ಅಳತೆಯಲ್ಲಿ ಇದಕ್ಕೆ ಮೂರು ಮುಖಗಳಿವೆ: ಭಾವನಾತ್ಮಕವಾಗಿ ಬರಿದಾಗುವುದು, ರೋಗಿಯನ್ನು ವಸ್ತುವಿನಂತೆ ಕಾಣತೊಡಗುವುದು, ತಾನು ಏನೂ ಸಾಧಿಸುತ್ತಿಲ್ಲ ಎನ್ನಿಸುವುದು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದ್ದು, ಅದು ಬರ್ನ್‌ಔಟನ್ನು ಕಾಯಿಲೆಯೆಂದು ಹೇಳುವುದಿಲ್ಲ. ಸರಿಯಾಗಿ ನಿಭಾಯಿಸದ ದೀರ್ಘಕಾಲದ ಕೆಲಸದ ಒತ್ತಡದಿಂದ ಹುಟ್ಟುವ ಔದ್ಯೋಗಿಕ ಸ್ಥಿತಿ ಎನ್ನುತ್ತದೆ. ಹೀಗಾಗಿ "ನಿನಗೆ ಮನಸ್ಸು ಗಟ್ಟಿಯಿಲ್ಲ" ಎಂದು ಶುಶ್ರೂಷಕರನ್ನೇ ದೂರುವುದು ಸರಿಯಲ್ಲ, ಮೊದಲು ನೋಡಬೇಕಾದದ್ದು ಕೆಲಸದ ಸ್ಥಳವನ್ನು.

ರೋಗಿಯನ್ನು "12ನೇ ಬೆಡ್" ಎಂದು ಕರೆಯುವುದು ಬರ್ನ್‌ಔಟ್‌ನ ಲಕ್ಷಣವೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಅಷ್ಟರಿಂದಲೇ ಅಲ್ಲ, ಪಾಳಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವ ಹ್ಯಾಂಡೋವರ್‌ನಲ್ಲಿ ಎಲ್ಲರೂ ಹಾಗೆಯೇ ಹೇಳುತ್ತಾರೆ. 12ನೇ ಬೆಡ್ಡಿನವರ ಹೆಸರು ಎರಡು ವಾರವಾದರೂ ತಿಳಿದುಕೊಳ್ಳಬೇಕೆನ್ನಿಸದಿದ್ದರೆ ಮಾತ್ರ ಯೋಚಿಸಬೇಕು.

ವೃತ್ತಿಪರ ಅಸ್ಮಿತೆ ಎಂದರೇನು? ಪುನಶ್ಚೇತನ ಶುಶ್ರೂಷಕರಲ್ಲಿ ಅದು ಏಕೆ ಸಡಿಲವಾಗಿದೆ?

ನಾನು ಯಾವ ಕೆಲಸದವಳು, ನನಗೆ ವಿಶೇಷವಾಗಿ ಏನು ಗೊತ್ತು, ನಾನಿಲ್ಲದಿದ್ದರೆ ಈ ರೋಗಿಗೆ ಏನು ತಪ್ಪಿಹೋಗುತ್ತಿತ್ತು ಎಂಬ ಪ್ರಶ್ನೆಗಳಿಗೆ ಒಬ್ಬ ಶುಶ್ರೂಷಕಿ ತಡವರಿಸದೆ ಉತ್ತರಿಸಬಲ್ಲಳಾದರೆ ಅವಳಿಗೆ ವೃತ್ತಿಪರ ಅಸ್ಮಿತೆ ಇದೆ. ಐಸಿಯು, ಡಯಾಲಿಸಿಸ್, ಆಪರೇಷನ್ ಥಿಯೇಟರ್‌ಗಳಲ್ಲಿ ಯಂತ್ರಗಳೇ ಒಂದಿಷ್ಟು ಗುರುತು ಕೊಡುತ್ತವೆ. ಮಲಬದ್ಧತೆಯ ರೋಗಿಗೆ ದಿನದ ನಿರ್ದಿಷ್ಟ ಹೊತ್ತಿಗೆ ಮಲವಿಸರ್ಜನೆ ಆಗುವಂತೆ ಅಭ್ಯಾಸ ಮಾಡಿಸುವ ಕೆಲಸಕ್ಕೆ ಯಂತ್ರವಿಲ್ಲ. ಇದು ಆಯಾ ಮಾಡುವ ಕೆಲಸವೆಂದು ರೋಗಿಯ ಮನೆಯವರು ತಿಳಿಯುತ್ತಾರೆ, ಕೆಲವೊಮ್ಮೆ ಆಸ್ಪತ್ರೆಯವರೂ ಹಾಗೇ ತಿಳಿಯುತ್ತಾರೆ.

ವ್ಯವಸ್ಥೆಯ ಮಟ್ಟದಲ್ಲೂ ಕಾರಣಗಳಿವೆ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯ ಅಡಿ ನೋಂದಣಿಯಾಗುವ 16 ಬಗೆಯ ಪುನರ್ವಸತಿ ವೃತ್ತಿಪರರಲ್ಲಿ ಶ್ರವಣತಜ್ಞರು, ಕೃತಕಾಂಗ ತಯಾರಕರು, ವಿಶೇಷ ಶಿಕ್ಷಕರು ಮುಂತಾದವರಿದ್ದಾರೆ, ಶುಶ್ರೂಷಕರು ಇಲ್ಲ. ಅವರ ನೋಂದಣಿ ನರ್ಸಿಂಗ್ ಕೌನ್ಸಿಲ್‌ನಲ್ಲಿ, ಅಲ್ಲಿ ಎಲ್ಲ ವಾರ್ಡಿನವರೂ ಒಂದೇ. ಮೂಳೆರೋಗ ಮತ್ತು ಪುನಶ್ಚೇತನ ಶುಶ್ರೂಷೆಯಲ್ಲಿ ಒಂದು ವರ್ಷದ ಪೋಸ್ಟ್ ಬೇಸಿಕ್ (ನರ್ಸಿಂಗ್ ಓದು ಮುಗಿಸಿದವರಿಗಾಗಿನ) ಡಿಪ್ಲೊಮಾ ಪಠ್ಯಕ್ರಮವನ್ನು ಭಾರತೀಯ ಶುಶ್ರೂಷಾ ಪರಿಷತ್ತು ರೂಪಿಸಿದೆಯಾದರೂ, ಅದನ್ನು ಮಾಡಿದವರಿಗೂ ಅದೇ ವಾರ್ಡಿನಲ್ಲಿ ಉಳಿಯುವ ಖಾತರಿ ಇರುವುದಿಲ್ಲ. ಅಮೆರಿಕದಲ್ಲಿ ಪುನಶ್ಚೇತನ ಶುಶ್ರೂಷಕರ ಸಂಘ 1974ರಲ್ಲೇ ಹುಟ್ಟಿತು ಮತ್ತು 1984ರಿಂದ ಅವರಿಗೆ ಪ್ರತ್ಯೇಕ ಪ್ರಮಾಣಪತ್ರ ಪರೀಕ್ಷೆಯಿದೆ. ನಮ್ಮಲ್ಲಿ ಸರ್ಕಾರಿ ಹುದ್ದೆಗೆ ಶುಶ್ರೂಷಾಧಿಕಾರಿ ಎಂಬ ಹೆಸರು ಬಂದದ್ದು ಒಳ್ಳೆಯದೇ, ಆದರೆ ಅಧಿಕಾರಿಯ ಕೈಯಲ್ಲಿ ಯಾವ ತೀರ್ಮಾನ ಇದೆ ಎಂಬುದು ಹೆಸರಿಗಿಂತ ಮುಖ್ಯ.

ಅಸ್ಮಿತೆ ಗಟ್ಟಿಯಾದರೆ ಒತ್ತಡ ಕಡಿಮೆಯಾಗುತ್ತದೆಯೇ?

ಈ ಕ್ಷೇತ್ರದ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಬಂಧ ಹೀಗಿದೆ: ಒತ್ತಡ ಏರಿದಂತೆ ತೃಪ್ತಿ ಇಳಿಯುತ್ತದೆ, ಅಸ್ಮಿತೆ ಗಟ್ಟಿಯಿದ್ದವರಲ್ಲಿ ತೃಪ್ತಿ ಹೆಚ್ಚಿರುತ್ತದೆ. ತನ್ನ ಕೆಲಸದ ಅರ್ಥ ತಿಳಿದವರು ಅದೇ ಭಾರವನ್ನು ಬೇರೆ ರೀತಿ ಹೊರುತ್ತಾರೆ. ಬೆಡ್‌ಸೋರ್ ಇಲ್ಲದೆ ಮೂರು ತಿಂಗಳು ಕಳೆದ ರೋಗಿಯನ್ನು ನೋಡಿ "ಇದು ನಮ್ಮ ಕೆಲಸ" ಎಂದು ಹೇಳಿಕೊಳ್ಳಲು ಬಲ್ಲವರಿಗೆ ಆ ಮೂರು ತಿಂಗಳು ಬರಿದೇ ಕಳೆದ ದಿನಗಳಾಗಿ ಉಳಿಯುವುದಿಲ್ಲ.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು, ಇದು ಈ ಉತ್ತರಗಳನ್ನು ಬರೆದವರ ದೃಢ ಅಭಿಪ್ರಾಯ. ಅಸ್ಮಿತೆಯ ಮಾತನ್ನು ಆಡಳಿತದವರು ಬಹಳ ಇಷ್ಟಪಡುತ್ತಾರೆ, ಏಕೆಂದರೆ ಅದಕ್ಕೆ ಖರ್ಚಿಲ್ಲ. ಸನ್ಮಾನ ಸಮಾರಂಭ ಮಾಡಿ, ಶಾಲು ಹೊದಿಸಿ, "ನಿಮ್ಮದು ಸೇವೆ" ಎಂದು ಭಾಷಣ ಮಾಡಿ, ಮರುದಿನ ಇಬ್ಬರು ಮಾಡಬೇಕಾದ ಪಾಳಿಗೆ ಒಬ್ಬರನ್ನೇ ಹಾಕಿದರೆ ಆ ಸನ್ಮಾನವೇ ಅಪಹಾಸ್ಯವಾಗುತ್ತದೆ. ತನ್ನ ಕೆಲಸ ಎಷ್ಟು ಮುಖ್ಯವೆಂದು ಚೆನ್ನಾಗಿ ಅರಿತವರಿಗೇ ಅದನ್ನು ಅರ್ಧ ಮಾಡಿ ಬಿಡಬೇಕಾದ ನೋವು ಹೆಚ್ಚು ತಟ್ಟುತ್ತದೆ. ಆದ್ದರಿಂದ ಸಿಬ್ಬಂದಿ ಸಂಖ್ಯೆ ಸರಿಯಿಲ್ಲದೆ ಅಸ್ಮಿತೆಯನ್ನು ಮಾತ್ರ ಬೆಳೆಸಹೊರಟರೆ ಒತ್ತಡ ಇಳಿಯುವ ಬದಲು ಏರಬಹುದು.

ಒಬ್ಬ ಶುಶ್ರೂಷಕರಿಗೆ ಎಷ್ಟು ರೋಗಿಗಳು ಇರಬೇಕು?

ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಸಾಮಾನ್ಯ ವಾರ್ಡಿನಲ್ಲಿ ಬೋಧನಾ ಆಸ್ಪತ್ರೆಯಾದರೆ 3 ರೋಗಿಗಳಿಗೆ ಒಬ್ಬರು, ಇತರ ಆಸ್ಪತ್ರೆಯಾದರೆ 5 ರೋಗಿಗಳಿಗೆ ಒಬ್ಬರು. ರಜೆಯವರ ಬದಲಿಗೆ ಶೇ 30ರಷ್ಟು ಹೆಚ್ಚುವರಿ ಸಿಬ್ಬಂದಿ. ರಾತ್ರಿ ಪಾಳಿ ಮಾಡಿದ ಯಾರಿಗೂ ಈ ಅಂಕಿಗಳನ್ನು ಓದಿದಾಗ ಏನನ್ನಿಸುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಸಂಬಳ ಹೆಚ್ಚಾದರೆ ತೃಪ್ತಿ ತಾನಾಗಿ ಬರುವುದಿಲ್ಲವೇ?

ಕಡಿಮೆ ಸಂಬಳ ಅತೃಪ್ತಿ ತರುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಸಂಬಳ ಸರಿಹೋದ ಮೇಲೆ ಕೆಲಸದಲ್ಲಿ ಖುಷಿ ಕೊಡುವುದು ಸಾಧನೆ, ಮನ್ನಣೆ, ಜವಾಬ್ದಾರಿ ಎಂದು ಮನೋವಿಜ್ಞಾನಿ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಹೇಳಿದರು. ಈ ಮಾತನ್ನು ಸಂಬಳ ಏರಿಸದಿರುವುದಕ್ಕೆ ನೆಪವಾಗಿ ಬಳಸಬಾರದು.

ಖಾಸಗಿ ಆಸ್ಪತ್ರೆಯವರು ತಿಳಿದಿರಬೇಕಾದ ಸಂಗತಿ ಇದು. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ನಿರ್ದೇಶನದಂತೆ ರಚನೆಯಾದ ಕೇಂದ್ರದ ಸಮಿತಿಯ ಶಿಫಾರಸಿನಲ್ಲಿ, 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಗಳು ರಾಜ್ಯ ಸರ್ಕಾರಿ ಶುಶ್ರೂಷಕರಿಗೆ ಸಮನಾದ ವೇತನ ಕೊಡಬೇಕು; 100ಕ್ಕಿಂತ ಹೆಚ್ಚಿದ್ದರೆ ಆ ವೇತನಕ್ಕಿಂತ ಕಡಿತ ಶೇ 10ನ್ನು ಮೀರಬಾರದು; 50ರಿಂದ 100 ಇದ್ದರೆ ಕಡಿತ ಶೇ 25ನ್ನು ಮೀರಬಾರದು; 50ಕ್ಕಿಂತ ಕಡಿಮೆ ಹಾಸಿಗೆಯಿದ್ದರೂ 20,000 ರೂಪಾಯಿಗಿಂತ ಕೆಳಗೆ ಇಳಿಯಬಾರದು. ಇದು ಶಿಫಾರಸು, ಜಾರಿ ರಾಜ್ಯಗಳಿಗೆ ಸೇರಿದ್ದು. ಆದರೂ ನೇಮಕಾತಿ ಮಾತುಕತೆಯಲ್ಲಿ ಈ ಅಂಕಿಗಳು ಬಾಯಲ್ಲಿದ್ದರೆ ಒಳ್ಳೆಯದು.

ಎಲ್ಲರಿಗೂ ಸೊಂಟನೋವು. ಇದೂ ಕೆಲಸದ ಒತ್ತಡವೇ?

ಹೌದು. ರೋಗಿಯನ್ನು ಕೈಯಿಂದ ಎತ್ತುವಾಗ ಅನುಕೂಲಕರ ಸ್ಥಿತಿಯಲ್ಲೂ 35 ಪೌಂಡ್, ಅಂದರೆ ಸುಮಾರು 16 ಕೆಜಿ ಮೀರಬಾರದೆಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಥಾಮಸ್ ವಾಟರ್ಸ್ 2007ರಲ್ಲಿ ಲೆಕ್ಕ ಹಾಕಿ ತೋರಿಸಿದರು. ವಯಸ್ಕರೊಬ್ಬರ ಮೈಭಾರ ಅದರ ಮೂರು ನಾಲ್ಕು ಪಟ್ಟು. ಜಾರುಹಲಗೆ, ಜಾರುವ ಹಾಸುಬಟ್ಟೆ, ಎತ್ತರ ಹೊಂದಿಸುವ ಮಂಚ ದುಬಾರಿ ಯಂತ್ರಗಳಲ್ಲ. ಬೆನ್ನುಹುರಿ ರೋಗಿಯನ್ನು ಇಡಿಯಾಗಿ ಹೊರಳಿಸುವಾಗ ಕನಿಷ್ಠ ಮೂವರು ಇರಲೇಬೇಕು. "ಬಾರಮ್ಮ, ಇಬ್ಬರೇ ಹೊರಳಿಸಿಬಿಡೋಣ" ಎಂಬ ಅವಸರ ಶುಶ್ರೂಷಕರಿಗೂ ಕೇಡು, ರೋಗಿಗೂ ಕೇಡು.

ರೋಗಿಯ ಮನೆಯವರೊಂದಿಗಿನ ತಿಕ್ಕಾಟ ಹೇಗೆ ನಿಭಾಯಿಸುವುದು?

ಲಕ್ವದ ರೋಗಿಯ ಮನೆಯವರು ಒಂದು ವಾರ ಕಾದು, ಕೈ ಏಳಲಿಲ್ಲವೆಂದು ನಾಟಿ ಔಷಧಕ್ಕೆ ಕರೆದೊಯ್ಯುತ್ತೇವೆ ಎನ್ನುವುದು ಈ ಕಡೆಯ ಎಲ್ಲ ವಾರ್ಡುಗಳಿಗೂ ಪರಿಚಿತ. ಅದು ಶುಶ್ರೂಷಕರಿಗೆ ತಮ್ಮ ಶ್ರಮ ವ್ಯರ್ಥವಾಯಿತೆಂಬ ಭಾವನೆ ತರುತ್ತದೆ. ವಾದಕ್ಕಿಳಿದು ಗೆದ್ದವರನ್ನು ಕಾಣೆವು. ಹೋಗುವುದಾದರೂ ರಕ್ತದೊತ್ತಡದ ಮಾತ್ರೆ ನಿಲ್ಲಿಸಬೇಡಿ, ಕೂರಿಸಿಯೇ ಊಟ ಮಾಡಿಸಿ, ಸ್ವಾಧೀನವಿಲ್ಲದ ಕೈಯನ್ನು ಹಿಡಿದು ಎಳೆಯಬೇಡಿ, ಮರಳಿ ಬರಲು ಸಂಕೋಚ ಬೇಡ ಎಂದು ಹೇಳಿ ಕಳುಹಿಸಿದರೆ ಎಷ್ಟೋ ಮಂದಿ ಮರಳಿ ಬರುತ್ತಾರೆ. ಸೊಸೆಗೋ ಮಗನಿಗೋ ಮಗ್ಗುಲು ಬದಲಿಸುವುದನ್ನು ಮೊದಲ ದಿನದಿಂದಲೇ ಕಲಿಸಿದರೆ ಆಸ್ಪತ್ರೆಯ ಕೆಲಸದ ಅರ್ಥ ಅವರಿಗೂ ಆಗುತ್ತದೆ.

ಬೈಗುಳ, ಹೊಡೆತದ ಹಂತಕ್ಕೆ ಹೋದರೆ ಸಹಿಸಿಕೊಳ್ಳಬೇಕಿಲ್ಲ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆ ತಡೆಯುವ ಕರ್ನಾಟಕದ 2009ರ ಕಾಯ್ದೆ ಶುಶ್ರೂಷಕರನ್ನೂ ಒಳಗೊಂಡಿದೆ. ಅದರಡಿ ಹಿಂಸಾಚಾರ ಜಾಮೀನುರಹಿತ ಅಪರಾಧ.

ಹಣ ಖರ್ಚಿಲ್ಲದೆ ವಾರ್ಡ್ ಇನ್‌ಚಾರ್ಜ್ ಏನು ಮಾಡಬಹುದು?

ಮೊದಲನೆಯದಾಗಿ, ಶುಶ್ರೂಷಕರ ಕೆಲಸ ಕಾಗದದ ಮೇಲೆ ಕಾಣುವಂತೆ ಮಾಡಬಹುದು. ಫ್ಲಾರೆನ್ಸ್ ಮಹೋನಿ ಮತ್ತು ಡೊರೊಥಿಯಾ ಬಾರ್ತೆಲ್ 1965ರಲ್ಲಿ ಪ್ರಕಟಿಸಿದ ಬಾರ್ತೆಲ್ ಸೂಚ್ಯಂಕ ಇದಕ್ಕೆ ಒಳ್ಳೆಯ ಸಾಧನ. ಊಟ, ಸ್ನಾನ, ಬಟ್ಟೆ, ಶೌಚ, ನಡಿಗೆ, ಮೆಟ್ಟಿಲು ಮುಂತಾದ 10 ಚಟುವಟಿಕೆಗಳಿಗೆ ಸೊನ್ನೆಯಿಂದ 100ರವರೆಗೆ ಅಂಕ. ಮಾಡಲು ಕೆಲವೇ ನಿಮಿಷ ಸಾಕು. ದಾಖಲಾದ ದಿನ 20 ಇದ್ದವರು ಹೊರಡುವ ದಿನ 55ಕ್ಕೆ ಏರಿದ್ದರೆ, ನಡೆಯಲಾಗದಿದ್ದರೂ ಅವರ ಬದುಕು ಎಷ್ಟು ಸುಧಾರಿಸಿದೆ ಎಂಬುದು ಎಲ್ಲರಿಗೂ ಕಾಣುತ್ತದೆ. ಈ ಅಂಕವನ್ನು ಶುಶ್ರೂಷಕರೇ ಹಾಕಲಿ, ವೈದ್ಯರ ರೌಂಡ್ಸ್‌ನಲ್ಲಿ ಅವರೇ ಓದಿ ಹೇಳಲಿ. ಕೇಸ್ ಶೀಟಿನಲ್ಲಿ "ಜನರಲ್ ಕೇರ್ ಕೊಡಲಾಗಿದೆ" ಎಂದು ಬರೆಯುವ ಅಭ್ಯಾಸವನ್ನು ಬಿಡಿಸಿ, ಏನು ಕಲಿಸಲಾಯಿತು, ಯಾರಿಗೆ, ಅವರು ಎಷ್ಟು ಕಲಿತರು ಎಂದು ಬರೆಸುವುದು ಇನ್ನೂ ಮುಖ್ಯ.

ಡ್ಯೂಟಿ ಪಟ್ಟಿಯನ್ನು ಮುಂಚಿತವಾಗಿ ಹಾಕುವುದು, ತರಬೇತಾದವರನ್ನು ಬೇರೆ ವಾರ್ಡಿಗೆ ಆಗಾಗ ಎಳೆಯದಿರುವುದು, ತಪ್ಪನ್ನು ರೋಗಿಯ ಮುಂದೆ ಎತ್ತಿ ಆಡದಿರುವುದು: ಇವಕ್ಕೆ ವಿವರಣೆ ಬೇಕಿಲ್ಲ.

ಡಿಸ್ಚಾರ್ಜ್ ಆದ ಮೇಲೆ ರೋಗಿ ಏನಾದರೆಂದು ತಿಳಿಯುವುದೇ ಇಲ್ಲ. ಇದಕ್ಕೂ ತೃಪ್ತಿಗೂ ಸಂಬಂಧವಿದೆಯೇ?

ಬಹಳ ಇದೆ. ಐಸಿಯುನವರಿಗೆ ಫಲ ಕೆಲವೇ ದಿನಗಳಲ್ಲಿ ಕಾಣುತ್ತದೆ, ಇಲ್ಲಿ ಫಲ ಕಾಣುವುದು ಜಗಳೂರಿನ ಅಥವಾ ಮೊಳಕಾಲ್ಮೂರಿನ ಯಾವುದೋ ಹಳ್ಳಿಯ ಮನೆಯಲ್ಲಿ, ಆರು ತಿಂಗಳ ಮೇಲೆ. ಆ ಸುದ್ದಿ ವಾರ್ಡಿಗೆ ತಲುಪದಿದ್ದರೆ ಶುಶ್ರೂಷಕರ ಕಣ್ಣಿಗೆ ಬೀಳುವುದು ಬೆಡ್‌ಸೋರ್ ಆಗಿ ಮರಳಿ ದಾಖಲಾದವರು ಮಾತ್ರ. ಚೆನ್ನಾಗಿರುವವರು ಬರುವುದೇ ಇಲ್ಲ. ಹೀಗೆ ಕೆಟ್ಟದ್ದನ್ನಷ್ಟೇ ನೋಡುತ್ತ ತಮ್ಮ ಕೆಲಸವೇ ಸೋತಿದೆ ಎಂಬ ತಪ್ಪು ಲೆಕ್ಕ ಮನಸ್ಸಿನಲ್ಲಿ ಕೂರುತ್ತದೆ.

ಇದಕ್ಕೆ ನಮ್ಮ ರಾಜ್ಯದಲ್ಲೇ ಒಂದು ದಾರಿ ಇದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ವಿಕಲಚೇತನರ ಇಲಾಖೆಯ ಯೋಜನೆಯಡಿ ಕೆಲಸ ಮಾಡುತ್ತಿದ್ದಾರೆ. ಡಿಸ್ಚಾರ್ಜ್ ದಿನವೇ ರೋಗಿಯ ಒಪ್ಪಿಗೆ ಪಡೆದು ಅವರಿಗೆ ಫೋನ್ ಮಾಡಿ ತಿಳಿಸಿದರೆ ಮನೆಯ ಸ್ಥಿತಿ ನೋಡಲು, ಯುಡಿಐಡಿ ಕಾರ್ಡು (ವಿಕಲಚೇತನರ ಗುರುತಿನ ಚೀಟಿ), ಮಾಸಾಶನದ ಅರ್ಜಿ ಹಾಕಿಸಲು ನೆರವಾಗುತ್ತಾರೆ. ಗಾಲಿಕುರ್ಚಿ, ಕೃತಕ ಕಾಲು, ಮುಂದಿನ ಚಿಕಿತ್ಸೆಗಾಗಿ ದಾವಣಗೆರೆಯಲ್ಲಿಯೇ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ, ಅಂದರೆ ಸಿಆರ್‌ಸಿ ಇದೆ. ತಿಂಗಳಿಗೊಮ್ಮೆ ಇವರಿಂದ ಬಂದ ಸುದ್ದಿಯನ್ನು ಹ್ಯಾಂಡೋವರ್‌ನಲ್ಲಿ ಹಂಚಿಕೊಂಡರೆ ಸಾಕು, ವಾರ್ಡಿನ ಮಾತುಕತೆಯ ಧಾಟಿಯೇ ಬದಲಾಗುತ್ತದೆ.

ಎಂ.ಎಸ್‌ಸಿ ನರ್ಸಿಂಗ್ ಪ್ರಬಂಧಕ್ಕೆ ಈ ವಿಷಯ ಆಯ್ದುಕೊಳ್ಳಬಹುದೇ?

ಧಾರಾಳವಾಗಿ. ಒತ್ತಡ, ತೃಪ್ತಿ ಅಳೆಯಲು ಸಿದ್ಧ ಪ್ರಶ್ನಾವಳಿಗಳಿವೆ: ಗ್ರೇ-ಟಾಫ್ಟ್ ಮತ್ತು ಆಂಡರ್ಸನ್ ಅವರ 34 ಅಂಶಗಳ ನರ್ಸಿಂಗ್ ಸ್ಟ್ರೆಸ್ ಸ್ಕೇಲ್ 1981ರದ್ದು, ಪಾಲ್ ಸ್ಪೆಕ್ಟರ್ ಅವರ 36 ಅಂಶಗಳ ಜಾಬ್ ಸ್ಯಾಟಿಸ್‌ಫ್ಯಾಕ್ಷನ್ ಸರ್ವೆ 1985ರದ್ದು. ಕನ್ನಡಕ್ಕೆ ತಂದ ಪ್ರಶ್ನಾವಳಿಯನ್ನು ಬೇರೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ತಾಳೆ ನೋಡಬೇಕು. ಬರ್ನ್‌ಔಟ್ ಅಳೆಯುವ ಮ್ಯಾಸ್ಲಾಕ್ ಪ್ರಶ್ನಾವಳಿಗೆ ಪರವಾನಗಿ ಪಡೆಯಬೇಕು. ಒಂದೇ ಸಲ ಪ್ರಶ್ನೆ ಕೇಳಿ ಮಾಡುವ ಅಧ್ಯಯನದಿಂದ ಸಂಬಂಧ ಇದೆಯೆನ್ನಬಹುದೇ ಹೊರತು ಯಾವುದು ಕಾರಣ, ಯಾವುದು ಪರಿಣಾಮ ಎನ್ನಲಾಗದು. ಭರ್ತಿ ಮಾಡಿದ ಹಾಳೆಗಳನ್ನು ವಾರ್ಡ್ ಇನ್‌ಚಾರ್ಜ್ ಮೂಲಕ ಸಂಗ್ರಹಿಸಬೇಡಿ, ಸಂಗ್ರಹಿಸಿದರೆ ಎಲ್ಲರೂ ತೃಪ್ತರಾಗಿಯೇ ಕಾಣುತ್ತಾರೆ.

ಕೆಲಸ ಬಿಡಬೇಕೆನ್ನಿಸುತ್ತಿದೆ. ಏನು ಮಾಡಲಿ?

ರಾತ್ರಿ ಪಾಳಿಗಳ ಸರಣಿಯ ಕೊನೆಯಲ್ಲಿ ಈ ತೀರ್ಮಾನ ಬೇಡ. ನಿದ್ದೆ ತುಂಬಿದ ಮೇಲೂ ಹಾಗೆಯೇ ಅನ್ನಿಸಿದರೆ ಗಂಭೀರವಾಗಿ ಪರಿಗಣಿಸಿ. ಬೇಸರ ಈ ವಾರ್ಡಿನದೋ, ಈ ಆಸ್ಪತ್ರೆಯದೋ, ವೃತ್ತಿಯದೋ ಎಂದು ಬಿಡಿಸಿಕೊಳ್ಳಿ. ಮೊದಲನೆಯದಾದರೆ ವಾರ್ಡ್ ಬದಲಾವಣೆಯನ್ನು ಲಿಖಿತವಾಗಿ ಕೇಳಿ. ಎರಡನೆಯದಾದರೆ, ಪುನಶ್ಚೇತನದ ಅನುಭವ ಇರುವವರಿಗೆ ಮನೆಶುಶ್ರೂಷೆ, ಸಮುದಾಯ ಆರೋಗ್ಯ, ಬೋಧನೆಯ ಕಡೆಗಳಲ್ಲೂ ದಾರಿಗಳಿವೆ. ನಿದ್ದೆ ಬಾರದಿರುವುದು, ಕಾರಣವಿಲ್ಲದೆ ಅಳು, ಬದುಕೇ ಬೇಡವೆನ್ನಿಸುವುದು ಇದ್ದರೆ ಅದು ಕೆಲಸದ ಪ್ರಶ್ನೆಯಾಗಿ ಉಳಿದಿಲ್ಲ. ಮನೋವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು, ದಿನದ 24 ಗಂಟೆಯೂ ತೆರೆದಿರುವುದರಿಂದ ರಾತ್ರಿ ಪಾಳಿಯ ನಡುವೆಯೂ ಮಾಡಬಹುದು.